ನೀರು ಸಾಹೇಬರ ಕಪ್ಪು ಐಸು

ಕುಡಿದು ಮರ್ಯಾದೆ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ತೊಟ್ಟೂ ಕುಡಿಯದೆ, ಬರೀ ಐಸಿನಿಂದ ಮರ್ಯಾದೆ ಕಳೆದುಕೊಂಡವರು ಮಾತ್ರ ನಮ್ಮ ಪಕ್ಕದ ಮನೆಯ ನೀರು ಸಾಹೇಬರೊಬ್ಬರೇ. ಈ ಸಾಧನೆಗೆ ಆದಿಯಿಂದ ಅಂತ್ಯದವರೆಗೂ ನಾನು ಸಾಕ್ಷಿ. ನಮ್ಮಿಬ್ಬರ ಅಡುಗೆಮನೆಗಳ ನಡುವೆ ಇರುವುದು ಒಂದೇ ಗೋಡೆ, ಅದೂ ಕಟ್ಟಿದವನು ಮನಸ್ಸಿಲ್ಲದೆ ಕಟ್ಟಿದ ಗೋಡೆ. ಹಾಗಾಗಿ ಕದ್ದು ಕೇಳಿದೆ ಎಂದು ಯಾರೂ ನನ್ನ ಮೇಲೆ ಬೆರಳು ತೋರಿಸುವಂತಿಲ್ಲ. ಕೇಳಿಸಿಕೊಳ್ಳದೆ ಇರುವುದು ಸಾಧ್ಯವೇ ಇರಲಿಲ್ಲ.

ಸಾಹೇಬರೆಂದರೆ ನಿಜವಾದ ಸಾಹೇಬರೇನಲ್ಲ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ಬೀದಿಯವರು ಅರ್ಧ ಗೌರವದಿಂದ, ಅರ್ಧ ತಮಾಷೆಯಿಂದ ಇಟ್ಟ ಹೆಸರು ಅದು. ಗೌರವದ ಅರ್ಧ ಮಾತ್ರ ಅವರ ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ಹತ್ತಕ್ಕೆ ಪರೀಕ್ಷಾ ಕೊಠಡಿಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ನೋಡಿ, ಮೂಸಿ, ಕುಡಿದು, ರಿಜಿಸ್ಟರಿನಲ್ಲಿ 'ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ' ಎಂದು ಮೂರು ಕಾಲಮಿನಲ್ಲಿ ಬರೆದು ಸಹಿ ಹಾಕುವುದು ಅವರ ಕೆಲಸ. ಮೊದಲ ವರ್ಷ ನೋಡಿ, ಮೂಸಿ, ಕುಡಿದು ಬರೆದರು. ಎರಡನೇ ವರ್ಷ ನೋಡಿ ಬರೆದರು. ಮೂರನೇ ವರ್ಷದಿಂದ ಬರೆದ ಮೇಲೆ ನೋಡತೊಡಗಿದರು. ಈಗ ಸೋಮವಾರವೇ ಇಡೀ ವಾರದ್ದನ್ನು ಬರೆದಿಟ್ಟು, ಹತ್ತು ಗಂಟೆಗೆ ನೆಮ್ಮದಿಯಾಗಿ ಟೀ ಕುಡಿಯುತ್ತಾರೆ. ಹೀಗೆ ಇಪ್ಪತ್ತೆರಡು ವರ್ಷ.

ಆ ಸಹಿಯದೇ ಒಂದು ಪ್ರತಿಷ್ಠೆ. ಪ್ರತಿ ಮನೆಗೂ ಹೋಗುವ ನೀರಿನ ಬಿಲ್ಲಿನ ಹಿಂಬದಿಯಲ್ಲಿ 'ಈ ನೀರು ನೇರವಾಗಿ ಕುಡಿಯಲು ಯೋಗ್ಯ' ಎಂಬ ವಾಕ್ಯ, ಅದರ ಕೆಳಗೆ ಸಾಹೇಬರ ಸಹಿ, ಬಾಲ ಎತ್ತಿದ ಅಳಿಲಿನಂತೆ. ಆ ಬಿಲ್ಲು ಅಚ್ಚಾಗುವುದು ನಾನು ಪ್ರೂಫ್ ತಿದ್ದುವ ಪ್ರೆಸ್ಸಿನಲ್ಲೇ. ಆ ವಾಕ್ಯದಲ್ಲಿ ಕಾಗುಣಿತದ ತಪ್ಪಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಬಲ್ಲೆ. ಮಿಕ್ಕಿದ್ದು ಅವರಿಗೆ ಬಿಟ್ಟದ್ದು.

ಎಲ್ಲ ಶುರುವಾದದ್ದು ಷಡ್ಡಕನಿಂದ. ಲೋಕದ ಅರ್ಧ ಅನಾಹುತಗಳು ಶುರುವಾಗುವುದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ಸಾಹೇಬರ ಹೆಂಡತಿಯ ಅಕ್ಕನ ಗಂಡ ಕನ್ನಡಕದ ಅಂಗಡಿಯವನು. ಒಂದು ಭಾನುವಾರ ಅವನ ಮನೆಯಲ್ಲಿ ನಿಂಬೆ ಶರಬತ್ತು ಕೊಟ್ಟರಂತೆ. ಲೋಟದಲ್ಲಿ ತೇಲುತ್ತಿದ್ದ ಐಸು ಕನ್ನಡಿಯಷ್ಟು ತಿಳಿ. ಷಡ್ಡಕ ಒಂದು ತುಂಡನ್ನು ಚಿಮುಟದಲ್ಲಿ ಎತ್ತಿ ಪೇಪರಿನ ಮೇಲೆ ಹಿಡಿದು, ಅದರ ಮೂಲಕವೇ ಒಂದು ಮರಣವಾರ್ತೆಯನ್ನು ಪೂರ್ತಿ ಓದಿ ತೋರಿಸಿದನಂತೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಅವನು ಷಡ್ಡಕ ಹೇಗಾದಾನು? "ಏನ್ರೀ ಸಾಹೇಬ್ರೇ, ನೀರಿನ ಇಲಾಖೆಯವರು ನೀವು. ನಿಮ್ಮನೆ ಐಸ್ ನೋಡಿದ್ರೆ ಮಾತ್ರ ನನಗೆ ಪೊರೆ ಬಂದ ಕಣ್ಣು ಜ್ಞಾಪಕ ಬರುತ್ತೆ. ಆಪರೇಷನ್ ಮಾಡಿಸಬಾರದಾ?" ಎಂದ.

ಮನೆಗೆ ಬರುವ ತನಕ ಸಾಹೇಬರ ಹೆಂಡತಿ ಒಂದು ಮಾತೂ ಆಡಲಿಲ್ಲ. ಬಂದ ಮೇಲೆ ಆಡಿದ್ದು ನನಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. "ನಮ್ಮಕ್ಕ ನನ್ನ ಕಡೆ ನೋಡಿ ನಕ್ಕಳು ಕಣ್ರೀ. ಇಪ್ಪತ್ತಾರು ವರ್ಷದಲ್ಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದ್ದೀನಾ?"

ಕೇಳಿದ್ದನ್ನೆಲ್ಲ ನಾನು ಇದೇ ಗೋಡೆಯ ಮೂಲಕ ಕೇಳಿಸಿಕೊಂಡಿದ್ದೆ. ಆದರೆ ಸಾಹೇಬರು, "ಇಲ್ಲ ಕಣೇ, ಏನೂ ಕೇಳಿಲ್ಲ," ಎಂದರು. ಅನುಭವಸ್ಥರು.

ಮರುದಿನವೇ ಐಸ್ ಮಾಡುವ ಯಂತ್ರ ಬಂತು. ಅಡುಗೆಕಟ್ಟೆಯ ಅರ್ಧ ಜಾಗವನ್ನು ಆಕ್ರಮಿಸಿ, ನಲ್ಲಿಯಿಂದ ನೇರವಾಗಿ ಪೈಪು ಎಳೆದುಕೊಂಡು, ಗರ್ ಎಂದು ಗೊಣಗುತ್ತ, ಹತ್ತು ನಿಮಿಷಕ್ಕೊಮ್ಮೆ ಒಂಬತ್ತು ತುಂಡು ಐಸನ್ನು ಡಬ್ಬಕ್ಕೆ ದಡಬಡ ಉದುರಿಸುವ ಯಂತ್ರ. ನನ್ನ ನಿದ್ದೆಯ ಪಾಡು ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದೇನೆಂದರೆ, ಉದುರಿದ ಒಂಬತ್ತೂ ತುಂಡುಗಳ ಹೊಟ್ಟೆ ಬೆಳ್ಳಗೆ ಮಂಕಾಗಿತ್ತು. ಒಂಬತ್ತು ಪೊರೆ ಬಂದ ಕಣ್ಣುಗಳು ಸಾಹೇಬರನ್ನೇ ದುರುಗುಟ್ಟಿ ನೋಡಿದವು.

ಯಂತ್ರ ಮಾರಿದ ಅಂಗಡಿಯವನಿಗೆ ಫೋನು ಹೋಯಿತು. ಅವನು, "ಸಾರ್, ಯಂತ್ರದಲ್ಲಿ ದೋಷ ಇಲ್ಲ. ನಿಮ್ಮ ನೀರಲ್ಲಿ ಇರಬಹುದು. ಒಂದು ಫಿಲ್ಟರ್ ಹಾಕಿಸಿಬಿಡಿ, ಗಾಜಿನ ಥರ ಬರುತ್ತೆ," ಎಂದ. ಫಿಲ್ಟರ್ ಎಂಬ ಮಾತು ಕೇಳಿದ್ದೇ ಸಾಹೇಬರು ಫೋನು ಇಟ್ಟುಬಿಟ್ಟರು.

ಯಾಕೆಂದರೆ ಹಿಂದಿನ ವಾರವಷ್ಟೇ ಅವರ ಕಚೇರಿಯ ದೊಡ್ಡ ಎಂಜಿನಿಯರ್ ಒಂದು ಸುತ್ತೋಲೆ ಹೊರಡಿಸಿದ್ದರು. 'ಇಲಾಖೆಯ ನೌಕರರೇ ತಮ್ಮ ಮನೆಗಳಲ್ಲಿ ಫಿಲ್ಟರ್ ಅಳವಡಿಸಿಕೊಂಡಿರುವುದು ಕಂಡುಬಂದಲ್ಲಿ, ಅದನ್ನು ಇಲಾಖೆಯ ಮೇಲಿನ ಅವಿಶ್ವಾಸವೆಂದು ಪರಿಗಣಿಸಿ ಶಿಸ್ತುಕ್ರಮ ಜರುಗಿಸಲಾಗುವುದು.' ಸುತ್ತೋಲೆಯನ್ನು ಟೈಪ್ ಮಾಡಿ ಫಲಕಕ್ಕೆ ಅಂಟಿಸಿದವರು ಸಾಹೇಬರೇ. ಇನ್ನೊಂದು ಸಂಗತಿ, ತಿಂಗಳ ಕೊನೆಗೆ ಮೇಲ್ವಿಚಾರಕರ ಹುದ್ದೆ ಖಾಲಿಯಾಗುವುದಿತ್ತು. ಒಂಬತ್ತು ವರ್ಷದಿಂದ ಸಾಹೇಬರು ಆ ಕುರ್ಚಿಯನ್ನು ಕಣ್ಣಲ್ಲೇ ಒರೆಸುತ್ತ ಬಂದಿದ್ದರು. ಅದನ್ನು ಕೊಡುವವರೂ ಇದೇ ಎಂಜಿನಿಯರ್.

ಒಂದು ಕಡೆ ಕುರ್ಚಿ, ಇನ್ನೊಂದು ಕಡೆ ಹೆಂಡತಿಯ ಅಕ್ಕನ ನಗು. ವಿವೇಕಿಯಾದವನು ಕುರ್ಚಿಯನ್ನು ಆರಿಸಿಕೊಳ್ಳುತ್ತಾನೆ. ಆದರೆ ಆ ವಿವೇಕಿಗೆ ಸಾಹೇಬರ ಹೆಂಡತಿಯ ಜೊತೆ ಸಂಸಾರ ಮಾಡಬೇಕಾದ ಕಷ್ಟವಿರುವುದಿಲ್ಲ. ಸಾಹೇಬರು ಎರಡನ್ನೂ ಹಿಡಿಯುವ ಉಪಾಯ ಮಾಡಿದರು. ಗುಟ್ಟಾಗಿ ಫಿಲ್ಟರ್ ಹಾಕಿಸುವುದು, ಎಂಜಿನಿಯರನ್ನೂ ಷಡ್ಡಕನನ್ನೂ ಒಂದೇ ಸಂಜೆ ಶರಬತ್ತಿಗೆ ಕರೆಯುವುದು. ಐಸು ನೋಡಿ ಒಬ್ಬರು ಮೆಚ್ಚಬೇಕು, ಇನ್ನೊಬ್ಬ ಬಾಯಿ ಮುಚ್ಚಬೇಕು.

ಫಿಲ್ಟರನ್ನು ಸಾಹೇಬರು ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗವಚಿ ತಂದರು. ಮೆಟ್ಟಿಲಲ್ಲಿ ನಾನು ಎದುರಾದಾಗ, "ದಿಂಬು," ಎಂದರು. ನಾನೇನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಪ್ರಾಮಾಣಿಕತೆ ಅವರದು.

ಔತಣದ ದಿನ ಮಧ್ಯಾಹ್ನ ಕೊಳಾಯಿ ರಿಪೇರಿಯವನು ಬಂದು ಸಿಂಕಿನ ಕೆಳಗೆ ತೂರಿಕೊಂಡು ಫಿಲ್ಟರ್ ಕೂರಿಸಿದ. ಹೊರಡುವಾಗ ಅವನು ಹೇಳಿದ್ದು ಗೋಡೆಗೂ ಕೇಳಿಸಿತು. "ಸಾಹೇಬ್ರೇ, ಇದರೊಳಗೆ ಇದ್ದಿಲಿನ ಪುಡಿ ಇರುತ್ತೆ. ಮೊದಲ ನಾಲ್ಕು ಬಕೆಟ್ ನೀರನ್ನ ಹಾಗೇ ಮೋರಿಗೆ ಬಿಟ್ಟುಬಿಡಿ. ಇಲ್ಲಾಂದ್ರೆ ಕಪ್ಪು ಬರುತ್ತೆ. ಮರೀಬೇಡಿ."

ಬೇರೆ ಯಾರೇ ಆಗಿದ್ದರೂ ನಲ್ಲಿ ತಿರುಗಿಸಿ, ನಾಲ್ಕು ಬಕೆಟ್ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಇವರು ನೀರು ಸಾಹೇಬರು! 'ಒಂದು ಹನಿಯನ್ನೂ ಪೋಲು ಮಾಡಬೇಡಿ' ಎಂದು ಊರಿನ ಗೋಡೆಗೋಡೆಗೂ ಬರೆಸಿದವರು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ನನಗೆ ಉಪನ್ಯಾಸ ಕೊಟ್ಟವರು.

"ನಾಲ್ಕು ಬಕೆಟ್ಟಾ?" ಎಂದು ಅವರು ಹೆಂಡತಿಯ ಮುಂದೆ ಗುಡುಗಿದರು. "ಕುಡಿಯೋಕೆ ಯೋಗ್ಯ ಅಂತ ನಾನೇ ಸಹಿ ಹಾಕಿರೋ ನೀರು ಕಣೇ ಅದು! ನನ್ನ ಕೈಯಾರೆ ಮೋರಿಗೆ ಬಿಡ್ಲಾ? ಇಪ್ಪತ್ತೆರಡು ವರ್ಷದ ಸರ್ವೀಸು!"

"ಕಪ್ಪು ಬರುತ್ತೆ ಅಂದನಲ್ಲ ರೀ?"

"ಅವನಿಗೇನು ಗೊತ್ತು? ನೀರಿನ ವಿಷಯ ನನಗೆ ಹೇಳ್ಕೊಡೋಕೆ ಬರ್ತಾನೆ. ಯಂತ್ರ ಹಾಕು."

ಯಂತ್ರ ಗೊಣಗಿತು. ಐಸು ಮುಚ್ಚಿದ ಡಬ್ಬದೊಳಗೆ ದಡಬಡ ಉದುರಿತು. ಅತಿಥಿಗಳು ಬರುವ ಸದ್ದು ಮೆಟ್ಟಿಲಲ್ಲಿ ಕೇಳಿಸಿತು.

ಸಂಜೆ ಅವರ ನಡುಮನೆಯಲ್ಲಿ ಸೋಫಾದ ಮೇಲೆ ಎಂಜಿನಿಯರ್, ಎದುರಿಗೆ ಷಡ್ಡಕ ದಂಪತಿಗಳು, ಕಿಟಕಿಯ ಬಳಿ ಕೆಳಗಿನ ಮನೆಯ ಅಜೀರ್ಣ ತಾತ, ಬಾಗಿಲ ಬಳಿಯ ಸ್ಟೂಲಿನಲ್ಲಿ ನಾನು. ತಾತನಿಗೆ ಹನ್ನೊಂದು ವರ್ಷದಿಂದ ಹೊಟ್ಟೆಯುಬ್ಬರ. ಯಾರಾದರೂ "ಹೇಗಿದ್ದೀರಿ ತಾತ" ಎಂದರೆ ನಿಜವಾಗಿಯೂ ಹೇಳಿಬಿಡುತ್ತಿದ್ದರು. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಗಡಿಬಿಡಿಯಲ್ಲಿ ಯಾರೂ ಐಸಿನ ಮುಖ ನೋಡದೆಯೇ ಶರಬತ್ತು ಬಂತು. ಸಾಹೇಬರು ನಿಂತುಕೊಂಡೇ ಘೋಷಿಸಿದರು: "ನೇರವಾಗಿ ನಲ್ಲಿ ನೀರು ಸಾರ್. ಶುದ್ಧ ಇಲಾಖೆಯ ನೀರು. ನಡುವೆ ಏನೂ ಇಲ್ಲ."

"ಇರಲೂಬಾರದು," ಎಂದರು ಎಂಜಿನಿಯರ್. "ನಮ್ಮ ನೀರಿಗೆ ಫಿಲ್ಟರ್ ಹಾಕೋದು ಅಂದ್ರೆ ಹೆತ್ತ ತಾಯಿ ಕೈ ಊಟಕ್ಕೆ ಟೆಸ್ಟ್ ಮಾಡಿಸಿದ ಹಾಗೆ."

ಎಲ್ಲರೂ ತಲೆದೂಗಿ ಗುಟುಕರಿಸಿದರು. ಐಸು ಕರಗಿತು. ಕರಗಿದಂತೆಲ್ಲ ಹಳದಿ ಶರಬತ್ತಿನ ತಳದಲ್ಲಿ ಕಪ್ಪು ಪುಡಿ ಮೆಲ್ಲಗೆ ಇಳಿದು ಕೂತಿತು. ಮೊದಲು ಕಂಡದ್ದು ಷಡ್ಡಕನಿಗೆ. ಕಣ್ಣಿನ ವ್ಯಾಪಾರದವನಲ್ಲವೇ. ಅವನು ಲೋಟವನ್ನು ದೀಪಕ್ಕೆ ಹಿಡಿದ. ಒಂದು ತುಂಡನ್ನು ಎತ್ತಿ ತಿರುಗಿಸಿ ನೋಡಿದ. "ಮೊನ್ನೆ ಬರೀ ಪೊರೆ ಇತ್ತು. ಈಗ ನಡುವೆ ಕಪ್ಪು ಪಾಪೆಯೂ ಬಂದಿದೆಯಲ್ರೀ. ಕಣ್ಣು ಪೂರ್ತಿ ಆಯ್ತು," ಎಂದ.

ಎಂಜಿನಿಯರ್ ತಮ್ಮ ಲೋಟ ನೋಡಿಕೊಂಡರು. "ಏನ್ರೀ ಇದು?"

ಸಾಹೇಬರು ಅಡಕತ್ತರಿಯಲ್ಲಿ ಸಿಕ್ಕಿದರು. ಫಿಲ್ಟರಿನದು ಎಂದರೆ ಶಿಸ್ತುಕ್ರಮ. ನಲ್ಲಿಯದು ಎಂದರೆ ಇಪ್ಪತ್ತೆರಡು ವರ್ಷದ 'ಬಣ್ಣವಿಲ್ಲ' ಹೊಳೆಗೆ ಹೋಯಿತು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಸಾಹೇಬರು ಒಮ್ಮೆ ಸೂರನ್ನು ನೋಡಿದರು. ಸೂರು ಏನು ಹೇಳಿತೋ, ಅವರ ಬಾಯಿಂದ ಬಂದದ್ದು ಒಂದೇ ಮಾತು: "ಖನಿಜ ಸಾರ್."

"ಖನಿಜ?"

"ಖನಿಜ." ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಸಾಹೇಬರು ಮುಂದುವರಿದರು. "ನಮ್ಮ ನೀರಲ್ಲಿ ಅಡಗಿರುತ್ತೆ ಸಾರ್. ಕಣ್ಣಿಗೆ ಕಾಣಲ್ಲ. ಹೀಗೆ ಬೇಗ ಹೆಪ್ಪುಗಟ್ಟಿದಾಗ ಮಾತ್ರ ಹೊರಗೆ ಬರುತ್ತೆ. ಹೊಟ್ಟೆಗೆ ಬಹಳ ಒಳ್ಳೇದು."

ಎಂಜಿನಿಯರ್ ಕಲಿತವರು. ಪದವಿಯೂ ಇತ್ತು. ಆದರೆ ಖನಿಜವನ್ನು ಗುರುತಿಸದ ಎಂಜಿನಿಯರ್ ಎನಿಸಿಕೊಳ್ಳಲು ಯಾರಿಗೆ ತಾನೇ ಇಷ್ಟ? "ಹಾಂ, ಹಾಂ, ಓದಿದ್ದೆ," ಎಂದು ಲೋಟವನ್ನು ತಳದವರೆಗೂ ಖಾಲಿ ಮಾಡಿದರು. ಮೇಲಧಿಕಾರಿ ಕುಡಿದ ಮೇಲೆ ಮಿಕ್ಕವರು ಬಿಡುವುದುಂಟೇ. ಅಜೀರ್ಣ ತಾತ ಮಾತ್ರ 'ಹೊಟ್ಟೆಗೆ' ಎಂಬ ಮಾತು ಕೇಳಿದ್ದೇ ಮೂರು ಲೋಟ ಇಳಿಸಿದರು.

ಮತ್ತೆ ಹತ್ತು ನಿಮಿಷಕ್ಕೆ ತಾತನಿಗೆ ಒಂದು ತೇಗು ಬಂತು. ಸಾಮಾನ್ಯ ತೇಗಲ್ಲ. ಹನ್ನೊಂದು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂದ ಹಾಗಿತ್ತು. ಕಿಟಕಿಯ ಗಾಜು ಅದುರಿತು. ತಾತನ ಕಣ್ಣಲ್ಲಿ ನೀರು ಬಂತು. "ಅಪ್ಪಾ," ಎಂದು ಅವರು ಸಾಹೇಬರ ಎರಡೂ ಕೈ ಹಿಡಿದುಕೊಂಡರು, "ನೀನು ಮನುಷ್ಯ ಅಲ್ಲಪ್ಪ."

ಆ ತೇಗಿನ ಸುದ್ದಿ ಬೆಳಗಾಗುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಿತ್ತು. ಏಳು ಗಂಟೆಗೆ ಸಾಹೇಬರ ಬಾಗಿಲಲ್ಲಿ ತಾತ ಫ್ಲಾಸ್ಕು ಹಿಡಿದು ನಿಂತಿದ್ದರು. ಅವರ ಹಿಂದೆ ಇಬ್ಬರು. ಮರುದಿನ ಹನ್ನೊಂದು ಜನ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಒಬ್ಬರಿಗೆ ಮಂಡಿನೋವು ಹೋಯಿತು, ಒಬ್ಬರಿಗೆ ಕೂದಲು ಉದುರುವುದು ನಿಂತಿತು. ದರ್ಜಿಯ ಅತ್ತೆ ಒಂದು ತುಂಡು ಚೀಪಿ ಮೂರು ದಿನ ಯಾರ ಜೊತೆಯೂ ಜಗಳವಾಡಲಿಲ್ಲ. ಅದನ್ನು ನೋಡಿದ ದರ್ಜಿ ದೊಡ್ಡ ಡಬ್ಬ ತಂದ. ನಾನೂ ಒಂದು ಬಟ್ಟಲು ಹಿಡಿದು ನಿಂತಿದ್ದೆ. ಮುಜುಗರವೇನಿಲ್ಲ, ಸಾಲಿನಲ್ಲಿ ನನಗಿಂತ ಹೆಚ್ಚು ಓದಿದವರಿದ್ದರು.

ಸಾಹೇಬರು ಮೊದಮೊದಲು ಹೆದರಿದರು. ಆಮೇಲೆ ಅಭ್ಯಾಸವಾಯಿತು. ಮೂರನೇ ದಿನ ತಾವೇ ಬಾಗಿಲಲ್ಲಿ ನಿಂತು, "ವಯಸ್ಸಾದವರಿಗೆ ಎರಡು ತುಂಡು, ಖಾಲಿ ಹೊಟ್ಟೆಗೆ ತಗೊಳ್ಳಿ," ಎಂದು ಹೇಳತೊಡಗಿದ್ದರು. ಸುಳ್ಳು ಹೇಳುವವನಿಗೆ ಕೇಳುವವರೇ ದಾರಿ ಹಾಕಿಕೊಡುತ್ತಾರೆ. ಅತ್ತ ಎಂಜಿನಿಯರ್ ಕೂಡ ಸುಮ್ಮನಿರಲಿಲ್ಲ. 'ನಮ್ಮ ಸರಬರಾಜಿನ ನೀರಿನಲ್ಲಿ ಅಪರೂಪದ ಸಹಜ ಖನಿಜ ಪತ್ತೆ' ಎಂದು ಮೇಲಕ್ಕೆ ಬರೆದರು. ಪತ್ತೆ ಹಚ್ಚಿದವರ ಜಾಗದಲ್ಲಿ ತಮ್ಮ ಹೆಸರು, ಸಹಾಯ ಮಾಡಿದವರ ಜಾಗದಲ್ಲಿ ಸಾಹೇಬರದು. "ಈ ವಾರವೇ ನಿಮ್ಮ ಬಡ್ತಿ ಫೈಲಿಗೆ ಸಹಿ ಹಾಕ್ತೀನ್ರೀ," ಎಂದರಂತೆ.

ಆ ದಿನ ಸಾಹೇಬರು ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದರು. ಅವರ ಸಿಳ್ಳೆಯನ್ನು ನಾನು ಕೇಳಿದ್ದು ಅದೇ ಮೊದಲು.

ಐದನೇ ದಿನ ಕಪ್ಪು ನಿಂತುಹೋಯಿತು.

ನಿಲ್ಲದೆ ಏನು ಮಾಡೀತು? ಅಷ್ಟು ಹೊತ್ತಿಗೆ ನಾಲ್ಕು ಬಕೆಟ್ಟಿನಷ್ಟು ನೀರು ಐಸಾಗಿ ಊರಿನ ಹೊಟ್ಟೆ ಸೇರಿತ್ತು. ಮೋರಿಗೆ ಹೋಗಬೇಕಾದದ್ದು ಜನರ ಮೂಲಕ ಹೋಯಿತು, ಅಷ್ಟೇ ವ್ಯತ್ಯಾಸ. ಫಿಲ್ಟರ್ ತೊಳೆದು ಶುದ್ಧವಾಗಿತ್ತು. ಆದರೆ ಫ್ಲಾಸ್ಕು ಹಿಡಿದು ಬಂದವರಿಗೆ ಬರೀ ಬಿಳಿ ಐಸು ಕಂಡಾಗ ಎದೆ ಒಡೆಯಿತು.

"ಖನಿಜ ಎಲ್ಲಪ್ಪ?" ಎಂದರು ತಾತ.

"ಮುಗೀತು ತಾತ."

"ಮುಗೀತಾ? ನೆಲದೊಳಗಿಂದ ಬರೋದು ಐದು ದಿನಕ್ಕೆ ಮುಗಿಯುತ್ತಾ? ನಮ್ಮನೆ ನಲ್ಲೀಲಿ ನೋಡಿದೆ, ಒಂದು ಚೂರೂ ಕಪ್ಪಿಲ್ಲ. ನಿಮ್ಮನೇಲಿ ಮಾತ್ರ ಬರ್ತಿತ್ತು. ಈಗ ನಿಮ್ಮನೇಲೂ ಇಲ್ಲ ಅಂತೀಯ."

"ಯಾರಿಗೋ ತಿರುಗಿಸಿರಬೇಕು," ಎಂದ ದರ್ಜಿ, ಖಾಲಿ ಡಬ್ಬವನ್ನು ಎದೆಗವಚಿಕೊಂಡು. ಅವನ ಅತ್ತೆ ಆ ಬೆಳಿಗ್ಗೆಯಿಂದ ಮತ್ತೆ ಶುರುಮಾಡಿದ್ದರಂತೆ.

ಈ ಮಾತಿಗೆ ಬೆಂಕಿ ಹತ್ತಿತು. ಪ್ರತಿಯೊಬ್ಬರೂ ಮನೆಗೆ ಓಡಿ ನಲ್ಲಿ ತಿರುಗಿಸಿದರು. ಯಾರ ನಲ್ಲಿಯಲ್ಲೂ ಕಪ್ಪಿಲ್ಲ. ಅಂದರೆ ಅಧಿಕಾರಿಗಳ ಮನೆಗೇ ಬೇರೆ ಪೈಪು, ಜನಕ್ಕೆ ಬರೀ ಶುದ್ಧ ನೀರು ಎಂಬುದು ಸ್ಪಷ್ಟವಾಯಿತು. ಮೂವತ್ತನಾಲ್ಕು ಮನೆಯವರು ಸಹಿ ಹಾಕಿದ ಒಂದು ಅರ್ಜಿ ತಯಾರಾಯಿತು. ಅದರ ಪ್ರೂಫನ್ನು ನಾನೇ ತಿದ್ದಿದೆ. 'ನಮಗೆ ಬಣ್ಣವಿಲ್ಲದ ನೀರನ್ನು ಕೊಟ್ಟು ವಂಚಿಸಲಾಗುತ್ತಿದೆ' ಎಂಬ ವಾಕ್ಯದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.

ನೀರಿನ ಕಚೇರಿಯ ಮುಂದೆ ತಾತ ಮೇಜಿನ ಮೇಲೆ ಹತ್ತಿ ನಿಂತರು. "ಅಧಿಕಾರಿಗಳಿಗೊಂದು ನೀರು, ಜನಗಳಿಗೊಂದು ನೀರಾ?" ಎಂದು ಕೂಗಿದರು. "ಕಪ್ಪು ಕೊಡಿ! ಕಪ್ಪು ಕೊಡಿ!" ಎಂದು ಜನ ಕೂಗಿದರು. ಸ್ವಚ್ಛ ನೀರು ಬರುತ್ತಿದೆ ಎಂದು ನೀರಿನ ಕಚೇರಿಗೆ ಮುತ್ತಿಗೆ ಹಾಕಿದ ಜನ ಪ್ರಪಂಚದಲ್ಲಿ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಬೇಕು.

ಎಂಜಿನಿಯರ್ ಹೊರಬಂದು ಕೈ ಎತ್ತಿದರು. ಮೇಲಿನವರಿಗೆ ಖನಿಜದ ಸುದ್ದಿ ಬರೆದು ಕೂತಿದ್ದ ಅವರ ಮುಖವೂ ಬೆಳ್ಳಗಾಗಿತ್ತು. "ಬೇರೆ ಪೈಪು ಅನ್ನೋದು ಶುದ್ಧ ಸುಳ್ಳು. ಈಗಲೇ ನಿಮ್ಮೆಲ್ಲರ ಎದುರಿಗೇ ಇವರ ಅಡುಗೆಮನೆ ತಪಾಸಣೆ ಮಾಡೋಣ. ಬನ್ನಿ!" ಎಂದರು.

ಸಾಹೇಬರು ಕಚೇರಿಯ ಹಿಂಬಾಗಿಲಿಗೆ ಹೋಗಿ ಕೊಳಾಯಿಯವನಿಗೆ ಫೋನು ಮಾಡಿ, "ಈಗಿಂದೀಗ್ಲೇ ಬಾ. ಹಾಕಿದ್ದನ್ನ ತೆಗೆದುಬಿಡು. ನಿನ್ನ ಕಾಲಿಗೆ ಬೀಳ್ತೀನಿ," ಎಂದದ್ದು ನನಗೆ ಕೇಳಿಸಿತು. ಅಲ್ಲಿ ಗೋಡೆ ಇರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ.

ಕೊಳಾಯಿಯವನು ಕರೆದ ತಕ್ಷಣ ಬಂದದ್ದು ಅವನ ಜೀವನದಲ್ಲಿ ಅದೊಂದೇ ಸಲ. ಬಂದಾಗ ಅಡುಗೆಮನೆಯಲ್ಲಿ ಎಂಜಿನಿಯರ್ ಮಂಡಿಯೂರಿ ಸಿಂಕಿನ ಕೆಳಗೆ ತಲೆ ತೂರಿಸಿದ್ದರು. ಅವರ ಹಿಂದೆ ತಾತ, ದರ್ಜಿ, ಸುದ್ದಿ ಕೇಳಿ ಅಂಗಡಿ ಬಾಗಿಲು ಹಾಕಿ ಓಡಿಬಂದ ಷಡ್ಡಕ, ನಾನು. ಬಾಗಿಲಿಂದ ಮೆಟ್ಟಿಲವರೆಗೂ ಜನ.

"ಇದೇನ್ರೀ?" ಸಿಂಕಿನ ಕೆಳಗಿಂದ ಎಂಜಿನಿಯರ ದನಿ ಗುಂಯ್‌ಗುಟ್ಟಿತು. "ಫಿಲ್ಟರ್! ಇಲಾಖೆಯ ನೌಕರನ ಮನೇಲಿ ಫಿಲ್ಟರ್! ನೀರಿಗೆ ಸಹಿ ಹಾಕೋ ಕೈ ಇದನ್ನ ಹಾಕಿಸ್ತಾ? ಸುತ್ತೋಲೆ ಅಂಟಿಸಿದವರು ಯಾರ್ರೀ?"

"ನಾನೇ ಸಾರ್," ಎಂದರು ಸಾಹೇಬರು. ಅವರಿಗೆ ಸತ್ಯ ಹೇಳುವ ಅಭ್ಯಾಸ ತಪ್ಪಿಹೋಗಿದ್ದರಿಂದ ಆ ಎರಡು ಮಾತಿಗೇ ಏದುಸಿರು ಬಂತು. ಆಮೇಲೆ ಒಂದೊಂದೇ ಎಲ್ಲ ಬಂತು. ಷಡ್ಡಕನ ಐಸು, ದಿಂಬು, ಇದ್ದಿಲ ಪುಡಿ, ಚೆಲ್ಲಲಾಗದ ನಾಲ್ಕು ಬಕೆಟ್ಟು.

"ಅಂದ್ರೆ ನಾನು ಕುಡಿದದ್ದು ಇದ್ದಿಲಾ?" ಎಂದರು ತಾತ.

"ತಪ್ಪಾಯ್ತು ತಾತ."

"ನೀವು ಕೆಲಸದಲ್ಲಿ ಉಳಿಯೋದೇ ಅನುಮಾನ," ಎಂದು ಎಂಜಿನಿಯರ್ ಎದ್ದು ನಿಂತರು. "ಇಡೀ ಊರು ನಿಮ್ಮ ಸಹಿ ನಂಬಿ ನೀರು ಕುಡೀತಿದೆ. ಅಂಥಾ ಜನಕ್ಕೆ..."

ಆಗ ಬಾಗಿಲಲ್ಲಿದ್ದ ಕೊಳಾಯಿಯವನು ಸ್ಪಾನರ್ ಹಿಡಿದು ಒಳಗೆ ನುಗ್ಗಿದ. ಅವನಿಗೆ ಜನಸಂದಣಿಯೂ ಅರ್ಥವಾಗಲಿಲ್ಲ, ಎಂಜಿನಿಯರ ಕೋಪವೂ ಅರ್ಥವಾಗಲಿಲ್ಲ. ಎಂಜಿನಿಯರನ್ನು ಕಂಡು ಹಲ್ಲು ಬಿಟ್ಟ. "ಓ, ಸಾರ್, ನೀವೂ ಇಲ್ಲೇ ಇದ್ದೀರಾ! ಒಳ್ಳೇದಾಯ್ತು. ನಿಮ್ಮನೇಲಿ ಹಾಕಿರೋದೂ ಇದೇ ಮಾಡೆಲ್ಲು. ಹಾಕಿ ಎರಡು ವರ್ಷ ಆಯ್ತು, ಒಳಗಿನ ಕಡ್ಡಿ ಬದಲಾಯಿಸಬೇಕು. ಅಮ್ಮಾವ್ರು ಫೋನ್ ಮಾಡಿದ್ರು."

ಎಂಜಿನಿಯರ್ ಬಗ್ಗಿ ಮತ್ತೊಮ್ಮೆ ಸಿಂಕಿನ ಕೆಳಗೆ ನೋಡತೊಡಗಿದರು.

"ತಾತ, ನಿಮ್ಮದು ನಾಳೆ ಮಾಡ್ಲಾ?" ಎಂದು ಅವನು ಮುಂದುವರಿದ. ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಇಲ್ಲಿ ಹಳ್ಳ ಒಂದೊಂದಾಗಿ ಎಲ್ಲರ ಕಾಲಡಿಗೂ ಬಂತು. "ದರ್ಜಿಯಣ್ಣ, ನಿಮ್ಮದು ಸೋರ್ತಿದೆ ಅಂದಿದ್ರಲ್ಲ? ಈ ಬಿಲ್ಡಿಂಗ್‌ನಲ್ಲಿ ಹನ್ನೆರಡು ಮನೆ, ಹನ್ನೆರಡಕ್ಕೂ ನಾನೇ ಹಾಕಿರೋದು. ಎದುರು ಸಾಲು ಪೂರ್ತಿ. ಸಾಹೇಬ್ರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ, ಗುಟ್ಟಾಗಿರಲಿ ಅಂತ ಎಲ್ಲರೂ ಹೇಳಿದ್ರಿ, ನಾನು ಯಾರಿಗೂ ಹೇಳಿಲ್ಲ. ಸಾಹೇಬ್ರ ಮನೆ ಒಂದು ಬಾಕಿ ಇತ್ತು. ಅದೂ ಮೊನ್ನೆ ಆಯ್ತು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೆಟ್ಟಿಲ ಮೇಲಿದ್ದವರಿಗೆ ಇದ್ದಕ್ಕಿದ್ದಂತೆ ಒಲೆಯ ಮೇಲೆ ಇಟ್ಟು ಬಂದ ಹಾಲು ನೆನಪಾಯಿತು. ದರ್ಜಿ ಡಬ್ಬವನ್ನು ಬೆನ್ನ ಹಿಂದೆ ಹಿಡಿದು ಹೊರಟ. ತಾತ ತೇಗುವಂತೆ ನಟಿಸಿದರು, ಬರಲಿಲ್ಲ. ಎಂಜಿನಿಯರ್ ಮಂಡಿಯ ಧೂಳು ಒರೆಸಿಕೊಳ್ಳುತ್ತ, "ಅದು... ನನ್ನ ಹೆಂಡತಿ ತವರಿನವರು ಹಾಕಿಸಿದ್ದು," ಎಂದರು. ನಾನೂ ಮೆಲ್ಲಗೆ ಬಾಗಿಲ ಕಡೆ ಸರಿದೆ. ಹನ್ನೆರಡರಲ್ಲಿ ಒಂದು ನನ್ನದು. ಸಿಂಕಿನ ಕೆಳಗೆ, ಹಳೇ ಪೇಪರುಗಳ ಕಟ್ಟಿನ ಹಿಂದೆ ಇದೆ. ಬಿಲ್ಲಿನ ಹಿಂಬದಿಯ ಆ ವಾಕ್ಯವನ್ನು ಇಷ್ಟು ವರ್ಷ ನಾನೇ ತಿದ್ದಿ ಅಚ್ಚಿಗೆ ಕಳಿಸಿದ್ದೆನಲ್ಲ, ನನಗೆ ಹೇಗೆ ನಂಬಿಕೆ ಬರಬೇಕು?

ಸಾಹೇಬರ ಕಡೆ ನೋಡಲು ನನಗೆ ನಿಜವಾಗಿ ಕಷ್ಟವಾಯಿತು. ಕೆಲಸ ಹೋಗುತ್ತದೆ ಎಂದಾಗ ಕೂಡ ನೆಟ್ಟಗೆ ನಿಂತಿದ್ದ ಮನುಷ್ಯ ಈಗ ಅಡುಗೆಕಟ್ಟೆ ಹಿಡಿದುಕೊಂಡಿದ್ದರು. ಇಪ್ಪತ್ತೆರಡು ವರ್ಷ, ಒಂದೊಂದು ಬಿಲ್ಲಿನ ಹಿಂದೆಯೂ ಆ ಸಹಿ. ಅದನ್ನು ನಂಬಿ ನೀರು ಕುಡಿದ ಮನೆ ಬೀದಿಗೆಲ್ಲ ಒಂದೇ ಇತ್ತು, ಅವರದು. "ಒಬ್ಬರೂ ನಂಬಲಿಲ್ವಾ?" ಎಂದರು ಅವರು, ಯಾರನ್ನೂ ಕೇಳದೆ.

ಷಡ್ಡಕ ಗಂಟಲು ಸರಿಮಾಡಿಕೊಂಡ. ಇಷ್ಟು ಹೊತ್ತು ಅವನು ಸುಮ್ಮನಿದ್ದದ್ದೇ ಆಶ್ಚರ್ಯ. "ಬಿಡ್ರೀ. ನಮ್ಮನೆ ಐಸ್ ಕೂಡ ನಾವು ಮಾಡಿದ್ದಲ್ಲ. ಮೂಲೆ ಅಂಗಡೀಲಿ ಪ್ಯಾಕೆಟ್ ಸಿಗುತ್ತೆ," ಎಂದ. ಇದು ಅವನ ಬಾಯಿಂದ ಬಂದ ಅತ್ಯಂತ ದೊಡ್ಡ ಸಮಾಧಾನದ ಮಾತು. ಸಾಹೇಬರ ಹೆಂಡತಿ ಅವನನ್ನು ನೋಡಿದ ರೀತಿಗೆ ಮೂಲೆ ಅಂಗಡಿಯ ಐಸೂ ಕರಗಬೇಕಿತ್ತು.

ಆಮೇಲೆ ಆಕೆ ಒಂದು ಲೋಟ ತೆಗೆದುಕೊಂಡು ಬಚ್ಚಲಿಗೆ ಹೋದರು. ಫಿಲ್ಟರ್ ಇಲ್ಲದ ನಲ್ಲಿ ಆ ಮನೆಯಲ್ಲಿ ಉಳಿದದ್ದು ಅದೊಂದೇ. ತುಂಬಿಸಿಕೊಂಡು ಬಂದು, ಎಲ್ಲರ ಎದುರಿಗೆ ಗಟಗಟ ಕುಡಿದು, ಲೋಟವನ್ನು ಕುಕ್ಕಿದರು. "ನಿಮ್ಮ ಸಹಿ ಇದೆಯಲ್ಲ," ಎಂದರು ಗಂಡನಿಗೆ. ಅದು ಪ್ರೀತಿಯೋ ಹಂಗಿಸುವುದೋ ನನಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವರಿಗೆ ಮಾತ್ರ ತಿಳಿಯುವ ಸಂಗತಿ ಅದು. ಸಾಹೇಬರು ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಪರೀಕ್ಷಾ ಕೊಠಡಿಗೆ ಹೋಗಿ, ಟೀ ಬೇಡ ಎಂದು ಹೇಳಿ, ನಲ್ಲಿಯಿಂದ ಒಂದು ಲೋಟ ನೀರು ಹಿಡಿದರಂತೆ. ನೋಡಿದರು, ಮೂಸಿದರು, ಕುಡಿದರು. ನಂಬಿಕೆ ಬರದೆ ಇನ್ನೊಂದು ಲೋಟ ಕುಡಿದರು. ನೀರು ಚೆನ್ನಾಗಿತ್ತು! ಎಂಜಿನಿಯರ್ ಹೆದರಿ ದೂರದ ಪ್ರಯೋಗಾಲಯಕ್ಕೆ ಕಳಿಸಿದ್ದ ಸೀಸೆಗಳ ವರದಿಯೂ ಆ ವಾರ ಬಂತು. ನಲ್ಲಿಯ ನೀರಿನಲ್ಲಿ ಯಾವ ದೋಷವೂ ಇಲ್ಲ, ಐಸಿನಲ್ಲಿ ಇದ್ದಿಲು ಇದೆ. ಐಸಿನ ಹೊಟ್ಟೆ ಬೆಳ್ಳಗಾಗುವುದು ಒಳಗೆ ಸಿಕ್ಕಿಕೊಂಡ ಗಾಳಿಯಿಂದ, ಕೊಳೆಯಿಂದಲ್ಲ ಎಂದೂ ಕೆಳಗೊಂದು ಟಿಪ್ಪಣಿ ಇತ್ತು. ಊರಿನ ನೀರಿನಲ್ಲಿದ್ದ ಒಂದೇ ಕೊಳೆ, ಅದನ್ನು ಶುದ್ಧ ಮಾಡಲು ನಾವು ಹಾಕಿದ್ದು. ಈ ವರದಿಯನ್ನು ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ ಮನೆಮನೆಗೂ ಹಂಚಿದರು. ಓದಿ ಎಲ್ಲರೂ ಸಂತೋಷಪಟ್ಟರು. ಯಾರೂ ಫಿಲ್ಟರ್ ತೆಗೆಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ.

ತಿಂಗಳ ಕೊನೆಗೆ ಬಡ್ತಿಯ ಆದೇಶವೂ ಬಂತು. ತಮ್ಮ ಸಿಂಕಿನ ಕೆಳಗಿನ ಗುಟ್ಟು ಬಲ್ಲ ನೌಕರನನ್ನು ಕೆಳಗೆ ಇಡುವುದು ಜಾಣತನವಲ್ಲ, ಹತ್ತಿರ ಇಡುವುದೂ ಜಾಣತನವಲ್ಲ ಎಂದು ಎಂಜಿನಿಯರ್ ತಿಳಿದವರು. ಹಾಗಾಗಿ ಸಾಹೇಬರು ಈಗ ಮೇಲ್ವಿಚಾರಕರು, ಊರಾಚೆಯ ಒಳಚರಂಡಿ ವಿಭಾಗದಲ್ಲಿ. ಕುರ್ಚಿಯೂ ಇದೆ, ತಿರುಗುತ್ತದೆ ಕೂಡ. ಅಲ್ಲಿಯೂ ಬೆಳಿಗ್ಗೆ ಹತ್ತಕ್ಕೆ ರಿಜಿಸ್ಟರ್ ಬರೆಯಬೇಕು, ಅವೇ ಮೂರು ಕಾಲಮು. ಸಾಹೇಬರು ಈಗ ದಿನವೂ ಸ್ವತಃ ಹೋಗಿ ನೋಡುತ್ತಾರೆ, ಮೂಸುತ್ತಾರೆ, ಆಮೇಲೆ ಬರೆಯುತ್ತಾರೆ: 'ಬಣ್ಣವಿದೆ, ವಾಸನೆಯಿದೆ.' ಮೂರನೇ ಕಾಲಮಿನಲ್ಲಿ ಒಂದು ಗೆರೆ ಎಳೆದು, ಕೆಳಗೆ ಅದೇ ಬಾಲ ಎತ್ತಿದ ಸಹಿ ಹಾಕುತ್ತಾರೆ. ಆ ರಿಜಿಸ್ಟರಿನ ಒಂದು ಅಕ್ಷರವನ್ನೂ ಊರಿನಲ್ಲಿ ಇದುವರೆಗೆ ಯಾರೂ ಅನುಮಾನಿಸಿಲ್ಲ.